ಐದನೇ ಲೈನಿನ ನೀರುಗಂಟಿ

ಕಂಪ್ಯೂಟರಿನ ಮುಚ್ಚಳ ತೆಗೆಯುವ ಮುಂಚೆ ಅವರು ಎದ್ದು ಹೋಗಿ ನಲ್ಲಿ ಮುಟ್ಟಿ ಬರುತ್ತಿದ್ದರು. ಕೈ ತೊಳೆಯುವುದಕ್ಕಲ್ಲ, ಬರೀ ಮುಟ್ಟುವುದಕ್ಕೆ. ನಮ್ಮ ವರ್ಕ್‌ಶಾಪಿನ ಮೂಲೆಯಲ್ಲಿ ಒಂದು ಕಬ್ಬಿಣದ ಪೈಪು, ಅದಕ್ಕೊಂದು ಹಿತ್ತಾಳೆ ನಲ್ಲಿ ಇತ್ತು. ಅದರ ಮೇಲೆ ಬಲಗೈಯ ನಾಲ್ಕು ಬೆರಳಿಟ್ಟು, ಒಂದು ಕ್ಷಣ ಸುಮ್ಮನೆ ನಿಂತು, ಆಮೇಲೆ ಬಂದು ಸ್ಕ್ರೂ ಬಿಚ್ಚುತ್ತಿದ್ದರು. ನಾನು ಕೆಲಸಕ್ಕೆ ಸೇರಿದ ಮೊದಲ ವಾರ ಇದೇನೋ ಹರಕೆ ಇರಬೇಕು ಅಂದುಕೊಂಡಿದ್ದೆ. ನನಗಿಂತ ಮೊದಲು ಸೇರಿದ್ದ ಇಬ್ಬರಂತೂ ನಲ್ಲಿ ಮುಟ್ಟಿದ ಕೈಯನ್ನು ಕಣ್ಣಿಗೊತ್ತಿಕೊಳ್ಳುತ್ತಿದ್ದರು. ನಾನು ಅವರನ್ನೇ ಕಾರಣ ಕೇಳಿದಾಗ ನಕ್ಕರು.

“ಮೈಯಲ್ಲಿ ವಸಿ ಕರೆಂಟ್ ಇರ್ತದೆ ಅಮ್ಮಣ್ಣಿ. ನಿಂಗೆ ಗೊತ್ತಾಗಲ್ಲ, ಚಿಪ್ಪಿಗೆ ಗೊತ್ತಾಯ್ತದೆ. ಅದನ್ನ ಪೈಪಿಗೆ ಬಿಟ್ ಬರೋದು, ಅಷ್ಟೇಯ. ಕೈ ಮುಗಿಯೋರ್ಗೆ ನಾನೇನ್ ಬ್ಯಾಡ ಅನ್ನಲ್ಲ.”

ಯಶವಂತಪುರದ ಇಂಡಸ್ಟ್ರಿಯಲ್ ಸಬರ್ಬಿನಲ್ಲಿ ಇಪ್ಪತ್ತು ಜನರ ಒಂದು ಚಿಕ್ಕ ಕಂಪನಿ ಅದು. ಈಗ ಮುಚ್ಚಿಹೋಗಿದೆ. ಸ್ಪ್ರಿಂಗು, ತಂತಿ, ಕಬ್ಬಿಣದ ಸರಳು ಇವೆಲ್ಲ ಎಷ್ಟು ಭಾರ ತಡೆಯುತ್ತವೆ ಎಂದು ಪರೀಕ್ಷೆ ಮಾಡುವ ಯಂತ್ರಗಳನ್ನು ನಾವು ತಯಾರಿಸುತ್ತಿದ್ದೆವು. ಒಂದೊಂದು ಯಂತ್ರಕ್ಕೂ ಒಂದು ಕಂಪ್ಯೂಟರು, ಆ ಕಂಪ್ಯೂಟರಿನ ಹೊಟ್ಟೆಯೊಳಗೆ ನಮ್ಮದೇ ಕಾರ್ಡುಗಳು. ಅವನ್ನು ಕೂರಿಸಿ, ಒಂದಕ್ಕೊಂದು ಜಗಳವಾಡದ ಹಾಗೆ ಹೊಂದಿಸಿ, ಸಹಿ ಹಾಕಿ ಕಳಿಸುವುದು ಅವರ ಕೆಲಸ. ನಾನು ಇಂಜಿನಿಯರಿಂಗ್ ಮುಗಿಸಿ ಅವರ ಕೈಕೆಳಗೆ ಸೇರಿದಾಗ ನನಗೆ ಇಪ್ಪತ್ತೆರಡು, ಅವರಿಗೆ ನಲವತ್ತೈದರ ಆಸುಪಾಸು. ಡಿಪ್ಲೊಮಾ ಓದಿದವರು. ಅಲ್ಲಾಳಸಂದ್ರದಿಂದ ದಿನಾ ಸ್ಕೂಟರಿನಲ್ಲಿ ಬರುತ್ತಿದ್ದರು, ಕಾಲ ನಡುವೆ ಮುದ್ದೆಯ ಡಬ್ಬಿ ಇಟ್ಟುಕೊಂಡು.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ನನ್ನ ಹೆಸರು ಇರಬೇಕಾಗಿದ್ದ ಒಂದು ಕಡೆ ಅವರ ಹೆಸರು ಬಂತು, ಹಾಗೆ ಬರಲು ಬಿಟ್ಟವಳು ನಾನು. ಇಪ್ಪತ್ತೈದು ವರ್ಷಕ್ಕೂ ಹೆಚ್ಚು ಕಾಲ ಅದನ್ನು ಬಾಯಿಬಿಟ್ಟಿರಲಿಲ್ಲ. ಈಚೆಗೆ ಅವರು ತೀರಿಕೊಂಡರು. ಯಾರಿಗೆ ಹೇಳಬೇಕಾಗಿತ್ತೋ ಅವರೇ ಈಗಿಲ್ಲ. ಇನ್ನೊಮ್ಮೆ ಅವರ ಹೆಸರನ್ನು ನನ್ನ ಅನುಕೂಲಕ್ಕೆ ಬಳಸಿಕೊಳ್ಳುವುದು ಬೇಡ ಅನ್ನಿಸಿದೆ.

ಅವರ ಕೆಲಸ ಏನೆಂದು ಸ್ವಲ್ಪ ಹೇಳಿಬಿಡುತ್ತೇನೆ. ಈಗಿನ ಹುಡುಗರಿಗೆ ಇದರ ಗಂಧಗಾಳಿ ಇಲ್ಲ. ಕಂಪ್ಯೂಟರಿನೊಳಗೆ ಕೂರುವ ಪ್ರತಿಯೊಂದು ಕಾರ್ಡಿಗೂ ಆಗಾಗ ‘ನನ್ನ ಹತ್ತಿರ ಸುದ್ದಿ ಇದೆ, ಇತ್ತ ನೋಡು’ ಎಂದು ಕೂಗಬೇಕಾಗುತ್ತದೆ. ಕೂಗಲು ಒಂದು ಲೈನು ಬೇಕು. ಆ ಕಾಲದ ಕಂಪ್ಯೂಟರುಗಳಲ್ಲಿ ಅಂಥ ಲೈನುಗಳು ಹದಿನಾರೇ. ಗಡಿಯಾರಕ್ಕೊಂದು, ಕೀಬೋರ್ಡಿಗೊಂದು, ಡಿಸ್ಕಿಗೊಂದು, ಪ್ರಿಂಟರಿಗೊಂದು ಅಂತ ಹೆಚ್ಚಿನವು ಹುಟ್ಟುವಾಗಲೇ ಹಂಚಿಹೋಗಿರುತ್ತಿದ್ದವು. ಹೊರಗಿನಿಂದ ಬರುವ ಕಾರ್ಡುಗಳಿಗೆ ಉಳಿಯುತ್ತಿದ್ದದ್ದು ಮೂರೋ ನಾಲ್ಕೋ. ಒಂದೇ ಲೈನಿಗೆ ಎರಡು ಕಾರ್ಡು ಬಿದ್ದರೆ ಒಂದರ ಕೂಗು ಇನ್ನೊಂದರ ಗದ್ದಲದಲ್ಲಿ ಮುಳುಗಿಹೋಗುತ್ತಿತ್ತು. ಯಾವ ಕಾರ್ಡಿಗೆ ಯಾವ ಲೈನು ಎಂದು ಗೊತ್ತು ಮಾಡಲು ಕಾರ್ಡಿನ ಮೇಲೆ ಎರಡೆರಡು ಮುಳ್ಳುಗಳ ಸಾಲಿರುತ್ತಿತ್ತು. ಅದರಲ್ಲೊಂದು ಜೋಡಿಗೆ ಅಕ್ಕಿಕಾಳಿನಷ್ಟು ಪ್ಲಾಸ್ಟಿಕ್ ಟೋಪಿ ಹಾಕಬೇಕು. ಆ ಟೋಪಿಗಳನ್ನು ಅವರು ಸುಣ್ಣದ ಡಬ್ಬಿಯೊಂದರಲ್ಲಿ ಇಟ್ಟುಕೊಂಡಿದ್ದರು. ಹಳೆಯ ಕಾರ್ಡು ಕೈಗೆ ಸಿಕ್ಕರೆ ಅದರ ಹಳದಿ ಅಂಚನ್ನು ಮಕ್ಕಳ ಪೆನ್ಸಿಲ್ ರಬ್ಬರಿನಿಂದ ಉಜ್ಜಿ ಉಜ್ಜಿ ಹೊಳೆಯುವಂತೆ ಮಾಡಿ, ಉಫ್ ಎಂದು ಊದಿ ಕೂರಿಸುತ್ತಿದ್ದರು. ಊದಬಾರದು, ಎಂಜಲು ಹಾರುತ್ತದೆ ಎಂದು ನಮಗೆಲ್ಲ ಹೇಳುತ್ತಿದ್ದರು, ತಾವು ಮಾತ್ರ ಊದುತ್ತಿದ್ದರು.

ಯಂತ್ರ ಕೆಟ್ಟಿದೆ ಎಂದು ಯಾರೇ ಫೋನ್ ಮಾಡಲಿ, ಅವರ ಮೊದಲ ಪ್ರಶ್ನೆ ಒಂದೇ: “ಮನೆಗೆ ಒಸಬ್ರು ಯಾರ್ ಬಂದ್ರು?” ಹೊಸದಾಗಿ ಏನು ಕೂರಿಸಿದಿರಿ ಎಂದು ಅರ್ಥ. ಒಂದು ಸಲ ಆರ್.ಟಿ. ನಗರದ ಒಂದು ಆಫೀಸಿನಿಂದ ಒಬ್ಬ ಹೆಂಗಸು ಅಳುವ ದನಿಯಲ್ಲಿ ಫೋನ್ ಮಾಡಿದ್ದರು. ನಮ್ಮ ಗಿರಾಕಿ ಕೂಡ ಅಲ್ಲ, ಯಾರೋ ನಂಬರು ಕೊಟ್ಟಿದ್ದರು. ದಿನಕ್ಕೆ ನಾಲ್ಕು ಸಲ ಮೌಸ್ ಸತ್ತುಹೋಗುತ್ತದೆ, ಮೂರು ಮೌಸ್ ಬದಲಾಯಿಸಿ ಆಯಿತು, ಸಾಹೇಬರು ನನ್ನನ್ನೇ ಬೈಯುತ್ತಾರೆ ಅಂದರು. ಇವರು ಕೇಳಿದರು, “ಇಂಟರ್ನೆಟ್ಟಿಗೆ ಅಂತ ಮೋಡೆಮ್ ಏನಾದ್ರೂ ಆಕ್ಸಿದ್ರಾ?” ಹಾಕಿಸಿದ್ದರು. “ಅದು ಫೋನ್ ತಿರುಗಿಸ್ದಾಗೆಲ್ಲ ಮೌಸ್ ಸಾಯ್ತದಾ ನೋಡಿ.” ಹೌದು. ಎರಡೂ ಒಂದೇ ಲೈನಿಗೆ ಕೂತಿದ್ದವು. ಕೂತಲ್ಲಿಂದಲೇ ಹತ್ತು ನಿಮಿಷದಲ್ಲಿ ಸರಿ ಮಾಡಿಸಿದರು. ಫೋನ್ ಇಡುವ ಮುಂಚೆ, “ನಿಮ್ ತಪ್ಪೇನಿಲ್ಲ ಅಂತ ನಿಮ್ ಸಾಹೇಬ್ರಿಗೆ ಏಳಿ. ಬೇಕಾದ್ರೆ ನಾನೇ ಏಳ್ತೀನಿ, ಫೋನ್ ಕೊಡಿ” ಅಂದರು. ಕೊಟ್ಟರು, ಇವರು ಹೇಳಿಯೂ ಹೇಳಿದರು. ಆ ಹೆಂಗಸಿನ ಹೆಸರು ಕೂಡ ಇವರಿಗೆ ಗೊತ್ತಿರಲಿಲ್ಲ.

ಅವರ ತಂದೆ ಊರಿನ ನೀರುಗಂಟಿ. ಕೆರೆಯ ತೂಬು ಎತ್ತಿ, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ಸರದಿ ನೋಡಿ ಬಿಡುವವರು. ಈಗ ಅಲ್ಲಿ ಗದ್ದೆಯೂ ಇಲ್ಲ, ಸರದಿಯೂ ಇಲ್ಲ, ಕೆರೆಯ ಸುತ್ತ ಜನ ವಾಕಿಂಗ್ ಮಾಡುತ್ತಾರೆ. ಅವರ ಮಾತಿನಲ್ಲಿ ಆಪರೇಟಿಂಗ್ ಸಿಸ್ಟಂ ಅಂದರೆ ನೀರುಗಂಟಿ, ಲೈನು ಅಂದರೆ ಕಾಲುವೆ. ಒಂದು ದಿನ ಊಟದ ಹೊತ್ತಿನಲ್ಲಿ ನಾನು, “ನಿಮ್ಮಪ್ಪ ಎಲ್ಲರಿಗೂ ಸಮವಾಗಿ ಬಿಡ್ತಿದ್ರಾ ಸಾರ್?” ಎಂದು ಕಿಚಾಯಿಸಿದೆ.

“ಎಲ್ಲಿಂದ. ನಮ್ ಚಿಕ್ಕಪ್ಪನ ಗದ್ದೆಗೆ ವಸಿ ಜಾಸ್ತಿನೇ ಓಗ್ತಿತ್ತು. ನಮ್ಮವ್ವ ಬೈಯೋಳು.” ಮುದ್ದೆ ಮುರಿದು ಸಾರಿಗೆ ಅದ್ದಿದರು. “ಆದ್ರೆ ಒಂದ್ ಇತ್ತು ನೋಡು. ಕೊನೇ ಗದ್ದೆ ಒಬ್ಬ ಮುದುಕೀದು. ಏರಿ ಮ್ಯಾಕ್ ಬಂದು ಕೂಗಾಡೋಳಲ್ಲ, ಕೇಳೋಳೂ ಅಲ್ಲ. ನಮ್ಮಪ್ಪ ಮೊದ್ಲು ಅವಳ ಸರದಿ ತೆಗ್ದಿಡೋನು. ಆಮೇಲೆ ಮಿಕ್ಕಿದ್ದೋರು ಎಷ್ಟಾದ್ರೂ ಜಗಳ ಆಡ್ಕಳಿ ಅನ್ನೋನು.”

ವರ್ಕ್‌ಶಾಪಿನಲ್ಲಿ ಅವರು ಮಾಡಿದ್ದ ಒಂದು ಪದ್ಧತಿ ಇತ್ತು. ಬಾಗಿಲ ಪಕ್ಕ ದಾರ ಕಟ್ಟಿ ತೂಗುಹಾಕಿದ್ದ ಒಂದು ನೋಟ್‌ಬುಕ್ಕು, ಅದಕ್ಕೆ ‘ಮುಟ್ಟಿದವರ ಪುಸ್ತಕ’ ಎಂದು ಹೆಸರು. ಅವರು ಸಹಿ ಹಾಕಿದ ಮೇಲೆ ಆ ಯಂತ್ರವನ್ನು ಯಾರೇ ಮುಟ್ಟಲಿ, ಕೀಬೋರ್ಡಿನ ಒಂದು ಕೀಲಿ ಒತ್ತಿದರೂ ಸರಿ, ಅದರಲ್ಲಿ ಹೆಸರು ಬರೆದು ಏನು ಮಾಡಿದೆವು ಎಂದು ಒಂದು ಸಾಲು ಬರೆಯಬೇಕು. ಬೈಗುಳಕ್ಕಾಗಿ ಅಲ್ಲ. ನಾಳೆ ತೊಂದರೆ ಬಂದರೆ ಎಲ್ಲಿಂದ ಹುಡುಕಬೇಕು ಎಂದು ಗೊತ್ತಾಗಲಿ ಎಂದು. ಅವರೂ ಬರೆಯುತ್ತಿದ್ದರು. ‘ಧೂಳು ಒರೆಸಿದೆ’ ಎಂದು ಬರೆದದ್ದು ಕೂಡ ಇತ್ತು.

ನಾನು ಸೇರಿದ ಎರಡನೇ ವರ್ಷ ಹೊಸ ಆಪರೇಟಿಂಗ್ ಸಿಸ್ಟಂ ಬಂತು. ಕಂಪ್ಯೂಟರ್ ಆನ್ ಆದ ತಕ್ಷಣ ಅದೇ ಪ್ರತಿಯೊಂದು ಕಾರ್ಡನ್ನೂ ‘ನಿನಗೇನು ಬೇಕು’ ಎಂದು ಕೇಳಿ, ಇರುವ ಲೈನುಗಳನ್ನು ಹಂಚಿಬಿಡುತ್ತದೆ. ಟೋಪಿ ಹಾಕುವ ಕೆಲಸ ಇಲ್ಲ. ಅದರ ಮೂರು ದಿನದ ಟ್ರೈನಿಂಗಿಗೆ ಕಂಪನಿ ನನ್ನನ್ನು ಕಳಿಸಿತು, ಅವರನ್ನಲ್ಲ. ಇಂಗ್ಲಿಷಿನಲ್ಲಿ ಇರುತ್ತದೆ, ನೀನೇ ಹೋಗು ಎಂದು ಅವರೇ ಹೇಳಿದರು. ನಾನು ದಪ್ಪನೆಯ ಫೈಲು, ಒಂದು ಸರ್ಟಿಫಿಕೇಟು, ಅದಕ್ಕಿಂತ ದಪ್ಪ ಜಂಭ ಹೊತ್ತುಕೊಂಡು ವಾಪಸ್ ಬಂದೆ.

ತೊಡಕೊಂದಿತ್ತು. ಭಾರ ಅಳೆಯುವ ನಮ್ಮ ಕಾರ್ಡು ಹಳೆಯ ಕಾಲದ್ದು. ಹೊಸ ಸಿಸ್ಟಂ ಕೇಳಿದರೆ ಅದಕ್ಕೆ ಉತ್ತರ ಕೊಡಲು ಬರುವುದಿಲ್ಲ. ಟೋಪಿ ಹಾಕಿದ ಐದನೇ ಲೈನಿನಲ್ಲಿ ತೆಪ್ಪಗೆ ಕೂತಿರುತ್ತದೆ. ಅದಕ್ಕೆ ಅವರು ಪ್ರತಿ ಕಂಪ್ಯೂಟರಿನಲ್ಲೂ, ಆನ್ ಆಗುವಾಗ ಬರುವ ನೀಲಿ ಬಣ್ಣದ ಸೆಟಪ್ ಪರದೆಗೆ ಹೋಗಿ, ಐದನೇ ಲೈನು ಹಳೆಯ ಕಾರ್ಡಿಗೆ ಮೀಸಲು ಎಂದು ಗುರುತು ಮಾಡಿ, ಸೇವ್ ಮಾಡಿ ಬರುತ್ತಿದ್ದರು. ಮಿಕ್ಕಿದ್ದನ್ನು ಸಿಸ್ಟಮ್ಮಿಗೆ ಬಿಡುತ್ತಿದ್ದರು. ಇದೆಲ್ಲ ಹಳೇ ಭಯ, ಬೇಕಾಗಿಲ್ಲ ಎಂದು ನನ್ನ ವಾದ. ನಮ್ಮ ಕಾರ್ಡಿನ ಸಾಫ್ಟ್‌ವೇರು ಒಳಗಿದೆ, ಅದನ್ನು ನೋಡಿ ಸಿಸ್ಟಮ್ಮೇ ಐದನ್ನು ಬಿಟ್ಟುಬಿಡುತ್ತದೆ ಅಂದೆ.

“ಎಲ್ಲಾ ಅದೇ ಹಂಚುತ್ತೆ ಸಾರ್. ನಾವು ಮಧ್ಯೆ ಕೈ ಹಾಕಿದ್ರೇ ತೊಂದ್ರೆ. ಟ್ರೈನಿಂಗಲ್ಲಿ ಸ್ಪಷ್ಟವಾಗಿ ಹೇಳಿದ್ದಾರೆ.”

“ಕೇಳ್ದೋರ್ಗೆ ಕೊಡ್ತದೆ, ಇಲ್ಲ ಅನ್ನಲ್ಲ. ಕೇಳಕ್ಕೆ ಬಾಯಿಲ್ದೋರ್ ಗತಿ ಏನಮ್ಮಣ್ಣಿ?”

“ಅದೆಲ್ಲ ನಿಮ್ಮಪ್ಪನ ಕಾಲದ ಮಾತು ಸಾರ್.”

ಸುತ್ತ ಇದ್ದವರು ನಕ್ಕರು. ಅವರೂ ನಕ್ಕರು. “ಆಗ್ಲಿ, ನನ್ ಕಾಲ ಮುಗಿಯೋವರ್ಗೂ ತೆಗ್ದಿಡ್ತೀನಿ” ಅಂದು ಕೆಲಸಕ್ಕೆ ತಿರುಗಿದರು. ಅವರು ಕೋಪ ಮಾಡಿಕೊಂಡಿದ್ದರೆ ನನಗೆ ಅಷ್ಟು ಚುಚ್ಚುತ್ತಿರಲಿಲ್ಲವೇನೋ. ನಕ್ಕು ಬಿಟ್ಟದ್ದು ನನಗೆ ಅವಮಾನ ಅನ್ನಿಸಿತು.

ಗೊರಗುಂಟೆಪಾಳ್ಯದ ಆಚೆ ಇದ್ದ ಒಂದು ಸ್ಪ್ರಿಂಗ್ ಕಾರ್ಖಾನೆಗೆ ಆ ತಿಂಗಳು ಒಂದು ಯಂತ್ರ ಹೊರಡಬೇಕಾಗಿತ್ತು. ಮಹಡಿಯ ಮೇಲಿನ ಆಫೀಸಿನಿಂದಲೇ ಪರೀಕ್ಷೆಯ ಫಲಿತಾಂಶ ನೋಡಬೇಕು ಎಂದು ಕಾರ್ಖಾನೆಯವರು ಕೇಳಿದ್ದರಿಂದ ಅದರಲ್ಲಿ ನೆಟ್‌ವರ್ಕ್ ಕಾರ್ಡೂ ಇತ್ತು. ಇವರು ಎಲ್ಲ ಹೊಂದಿಸಿ, ಮೀಸಲು ಗುರುತು ಹಾಕಿ, ಸಹಿ ಮಾಡಿ, ನೆಂಟರ ಮದುವೆಗೆಂದು ಎರಡು ದಿನ ರಜಾ ಹಾಕಿ ದೊಡ್ಡಬಳ್ಳಾಪುರಕ್ಕೆ ಹೋದರು. ಯಂತ್ರ ಕಳಿಸುವ ದಿನ ಬೆಳಿಗ್ಗೆ ನಾನು ಬೇಗ ಬಂದೆ. ಕಂಪ್ಯೂಟರ್ ಆನ್ ಮಾಡಿ, ನೀಲಿ ಪರದೆಗೆ ಹೋಗಿ, ಅವರ ಮೀಸಲನ್ನು ತೆಗೆದುಹಾಕಿದೆ. ಸೇವ್ ಮಾಡಿದೆ. ಒಂದು ಸ್ಪ್ರಿಂಗ್ ಇಟ್ಟು ಪರೀಕ್ಷೆ ಮಾಡಿದೆ, ಸರಿಯಾಗಿಯೇ ಬಂತು. ನಮ್ಮ ವರ್ಕ್‌ಶಾಪಿನಲ್ಲಿ ನೆಟ್‌ವರ್ಕ್ ತಂತಿಯೇ ಇರಲಿಲ್ಲ, ಆ ಕಾರ್ಡು ಬಾಯಿಬಿಡುವ ಸಂದರ್ಭವೇ ಬರಲಿಲ್ಲ ಎನ್ನುವುದು ನನಗೆ ಹೊಳೆಯಲಿಲ್ಲ.

ಪುಸ್ತಕದಲ್ಲಿ ಬರೆಯಲಿಲ್ಲ. ಬರೆದಿದ್ದರೆ ಅವರು ಬಂದ ದಿನವೇ ಓದಿ, ಕಾರ್ಖಾನೆಗೆ ಹೋಗಿ ಮತ್ತೆ ಮೀಸಲು ಹಾಕಿ ಬರುತ್ತಿದ್ದರು. ನನಗೆ ಬೇಕಾಗಿದ್ದದ್ದೇ ಬೇರೆ. ಯಂತ್ರ ಒಂದು ತಿಂಗಳು ಚೆನ್ನಾಗಿ ಓಡಲಿ, ಆಮೇಲೆ ಎಲ್ಲರ ಎದುರಿಗೆ ‘ನೋಡಿ ಸಾರ್, ನಿಮ್ಮ ಮೀಸಲು ತೆಗೆದು ಒಂದು ತಿಂಗಳಾಯ್ತು, ಏನಾಯ್ತು?’ ಎಂದು ಕೇಳಬೇಕು. ಆ ಮಾತನ್ನು ಬಸ್ಸಿನಲ್ಲಿ ಕೂತು ಮನಸ್ಸಿನಲ್ಲೇ ಎಷ್ಟು ಸಲ ಹೇಳಿಕೊಂಡೆನೋ.

ಮೂರನೇ ವಾರ ಏನಾಯಿತೆಂದರೆ, ಮಹಡಿಯ ಮೇಲಿನವರು ಫಲಿತಾಂಶಗಳನ್ನು ನೆಟ್‌ವರ್ಕಿನಿಂದ ಇಳಿಸಿಕೊಳ್ಳಲು ಶುರು ಮಾಡಿದರು. ಅದೇ ಹೊತ್ತಿಗೆ ಕೆಳಗೆ ಯಂತ್ರ ಒಂದು ಸ್ಪ್ರಿಂಗನ್ನು ಒತ್ತುತ್ತಿತ್ತು. ನೆಟ್‌ವರ್ಕ್ ಕಾರ್ಡಿಗೆ ಸಿಸ್ಟಂ ಐದನೇ ಲೈನನ್ನೇ ಕೊಟ್ಟಿತ್ತು. ಭಾರ ಮಿತಿ ಮುಟ್ಟಿತು, ನಿಲ್ಲಿಸು ಎಂದು ನಮ್ಮ ಹಳೆಯ ಕಾರ್ಡು ಕೂಗಿದ್ದು ಯಾರ ಕಿವಿಗೂ ಬೀಳಲಿಲ್ಲ. ಯಂತ್ರ ನಿಲ್ಲದೆ ಒತ್ತುತ್ತಲೇ ಹೋಗಿ, ಅಳತೆಯ ಭಾಗವೇ ಜಜ್ಜಿಹೋಯಿತು. ಪಕ್ಕದಲ್ಲಿ ನಿಂತಿದ್ದ ಆಪರೇಟರಿಗೆ ಏನೂ ಆಗಲಿಲ್ಲ, ಅದು ನಮ್ಮ ಪುಣ್ಯ. ಆದರೆ ಅವು ವಾಹನಗಳ ಬ್ರೇಕಿಗೆ ಹೋಗುವ ಸ್ಪ್ರಿಂಗುಗಳು. ಆ ಮೂರು ವಾರ ಪಾಸು ಮಾಡಿದ್ದೆಲ್ಲವನ್ನೂ ವಾಪಸ್ ತರಿಸಿ ಮತ್ತೆ ಪರೀಕ್ಷಿಸಬೇಕಾಯಿತು.

ನೋಡಲು ಅವರೂ ನಾನೂ ಹೋದೆವು. ಅವರು ಕಂಪ್ಯೂಟರ್ ಆನ್ ಮಾಡಿ ನೀಲಿ ಪರದೆಗೆ ಹೋದರು. ಐದನೇ ಲೈನಿನ ಮುಂದೆ ಮೀಸಲಿನ ಗುರುತು ಇರಲಿಲ್ಲ. ಸುತ್ತ ಕಾರ್ಖಾನೆಯ ಜನ ಗುಂಪು ಕಟ್ಟಿ ನಿಂತಿದ್ದರು. ಅವರು ಆ ಸಾಲಿನ ಮೇಲೆ ಬೆರಳಿಟ್ಟು, ಓದು ಕಲಿಯುವವರ ಹಾಗೆ ಎರಡು ಸಲ ಓದಿದರು. ಆಮೇಲೆ ನನ್ನ ಕಡೆ ತಿರುಗಿ ಮೆಲ್ಲಗೆ ಕೇಳಿದರು.

“ನಾನ್ ರಜಾ ಓದ್ಮೇಲೆ ಇದನ್ನ ಯಾರಾನ ಮುಟ್ಟಿದ್ರಾ ಅಮ್ಮಣ್ಣಿ?”

“ಪುಸ್ತಕದಲ್ಲಿ ಯಾರೂ ಬರೆದಿಲ್ಲ ಸಾರ್.”

ನಾನು ಸುಳ್ಳು ಹೇಳಲಿಲ್ಲ ಎಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಪುಸ್ತಕದಲ್ಲಿ ನಿಜಕ್ಕೂ ಯಾರೂ ಬರೆದಿರಲಿಲ್ಲ.

ಮಾರನೇ ದಿನ ಯಜಮಾನರ ರೂಮಿನಲ್ಲಿ ಸಭೆ. ಕಾರ್ಖಾನೆಯ ಇಬ್ಬರು ಬಂದಿದ್ದರು. ಯಜಮಾನರು ಕೆಟ್ಟವರಲ್ಲ, ಆದರೆ ಅವರಿಗೂ ವರದಿಯಲ್ಲಿ ಬರೆಯಲು ಒಂದು ಹೆಸರು ಬೇಕಾಗಿತ್ತು. “ಯಾರ್ರೀ ಇದನ್ನ ಸೆಟ್ ಮಾಡಿದ್ದು?” ಎಂದು ಕೇಳಿದರು. ನಾನು ಗೋಡೆ ಪಕ್ಕದ ಕುರ್ಚಿಯಲ್ಲಿ ಕೂತಿದ್ದೆ. ಈಗ ಹೇಳಬೇಕು, ಈ ಮಾತು ಮುಗಿಯಲಿ, ಈಗ ಹೇಳುತ್ತೇನೆ ಅಂದುಕೊಳ್ಳುತ್ತಿದ್ದೆ. ಅಷ್ಟರಲ್ಲಿ ಅವರು, “ನಾನೇ ಸಾರ್. ಮೀಸಲು ಆಕಿ ಸೇವ್ ಮಾಡೋದ್ ಮರ್ತಿದ್ದೀನಿ ಅನ್ಸ್ತದೆ” ಅಂದರು. ಹೇಳಿ ನನ್ನ ಕಡೆ ಒಮ್ಮೆ ನೋಡಿದರು. ನಾನು ತಲೆ ತಗ್ಗಿಸಿದೆ. ವರದಿಯಲ್ಲಿ ಅವರ ಹೆಸರು ಬಂತು.

ಅವರನ್ನು ಕೆಲಸದಿಂದ ತೆಗೆಯಲಿಲ್ಲ, ಸ್ಟೋರಿಗೆ ಹಾಕಿದರು. ಸ್ಕ್ರೂ, ವಯರು, ಸೋಲ್ಡರ್ ಕೊಡುವ ಕಿಟಕಿಯ ಹಿಂದೆ ಕೂತರು. ಸಹಿ ಮಾಡುವ ಕೆಲಸ ನನಗೆ ಬಂತು. ಅವರು ನನ್ನ ಮೇಲೆ ಒಂದು ಕಹಿ ಮಾತಾಡಲಿಲ್ಲ. ಬದಲಿಗೆ ಊಟದ ಹೊತ್ತಿನಲ್ಲಿ ನನ್ನನ್ನು ಕೂರಿಸಿಕೊಂಡು ತಮಗೆ ಗೊತ್ತಿದ್ದದ್ದನ್ನೆಲ್ಲ ಹೇಳಿಕೊಟ್ಟರು. ಯಾವ ಕಾರ್ಡು ಯಾವುದರ ಜೊತೆ ಹೊಂದುವುದಿಲ್ಲ, ಯಾವ ಕಂಪ್ಯೂಟರು ಹನ್ನೊಂದನೇ ಲೈನನ್ನು ಕದ್ದು ಇಟ್ಟುಕೊಳ್ಳುತ್ತದೆ, ಎಲ್ಲ. “ಬರ್ಕೋ ಅಮ್ಮಣ್ಣಿ, ನನ್ ತಲೆ ನಂಬ್ಕೋಬೇಡ” ಅನ್ನುತ್ತಿದ್ದರು. ತಮಾಷೆಗೆ ಅಂದುಕೊಂಡಿದ್ದೆ. ಎರಡು ವರ್ಷ ಕಳೆದ ಮೇಲೆ, ಇನ್ನೂ ಸರ್ವೀಸ್ ಇರುವಾಗಲೇ, ರಾಜೀನಾಮೆ ಕೊಟ್ಟು ಹೋದರು. ಬೀಳ್ಕೊಡುಗೆಗೆ ಬಾದುಷಾ ತರಿಸಿದ್ದರು. ನಾನೇ ಹಾರ ಹಾಕಿದೆ.

ಈ ಕಥೆಯನ್ನು ನಾನು ಹೇಗೆ ಅರ್ಥ ಮಾಡಿಕೊಂಡೆ ಎಂಬುದನ್ನೂ ಹೇಳಬೇಕು. ನಾನೇ ಮಾಡಿದ್ದು ಎಂದು ಅವರಿಗೆ ಗೊತ್ತಿತ್ತು, ಚಿಕ್ಕವಳು, ಕೆಲಸ ಹೋಗದಿರಲಿ ಎಂದು ತಪ್ಪನ್ನು ತಮ್ಮ ತಲೆಗೆ ಕಟ್ಟಿಕೊಂಡರು ಎಂದು ತೀರ್ಮಾನಿಸಿದ್ದೆ. ಆ ಸಭೆಯಲ್ಲಿ ನೋಡಿದ ನೋಟಕ್ಕೆ ‘ಸುಮ್ಮನಿರು’ ಎಂದು ಅರ್ಥ ಹಚ್ಚಿದ್ದೆ. ಮುಂದೆ ಹೆಬ್ಬಾಳದ ಹತ್ತಿರದ ದೊಡ್ಡ ಆಫೀಸಿಗೆ ಸೇರಿ, ಹತ್ತಾರು ಜನಕ್ಕೆ ಮೇಲಿನವಳಾದ ಮೇಲೆ, ಹೊಸಬರಿಗೆ ಈ ಕಥೆಯನ್ನು ಹೇಳುತ್ತಿದ್ದೆ. ‘ನನಗೊಬ್ಬ ಗುರು ಇದ್ದರು, ಕೈಕೆಳಗಿನವರ ತಪ್ಪನ್ನು ತಾವು ಹೊತ್ತುಕೊಂಡರು, ನಾಯಕತ್ವ ಅಂದರೆ ಅದು.’ ಕೈಕೆಳಗಿನವರು ಯಾರು ಎಂದು ಹೇಳುತ್ತಿರಲಿಲ್ಲ. ಚಪ್ಪಾಳೆ ಬೀಳುತ್ತಿತ್ತು. ಅವರನ್ನು ದೊಡ್ಡವರನ್ನಾಗಿ ಮಾಡಿಬಿಟ್ಟರೆ ನಾನು ಹೋಗಿ ಕ್ಷಮೆ ಕೇಳುವ ಕೆಲಸ ತಪ್ಪುತ್ತದಲ್ಲ. ಯಲಹಂಕದಲ್ಲಿ ನನ್ನ ಮನೆ, ಅಲ್ಲಾಳಸಂದ್ರಕ್ಕೆ ಆಟೋದಲ್ಲಿ ಹದಿನೈದು ನಿಮಿಷ. ಅಷ್ಟು ವರ್ಷದಲ್ಲಿ ಒಂದು ಸಲವೂ ಹೋಗಲಿಲ್ಲ.

ಹಳೆಯ ಸಹೋದ್ಯೋಗಿಗಳ ವಾಟ್ಸಾಪ್ ಗುಂಪಿನಲ್ಲಿ ಅವರು ಹೋದ ಸುದ್ದಿ ಬಂತು. ತಿಥಿಗೆ ಹೋಗುವ ಧೈರ್ಯವಾಗಲಿಲ್ಲ. ಅದರ ಮುಂದಿನ ಭಾನುವಾರ ಬೆಳಿಗ್ಗೆ ಹೋದೆ. ಹೊಲ ಗದ್ದೆ ಎಲ್ಲ ಹೋಗಿ ಉಳಿದ ಒಂದು ಸೈಟಿನಲ್ಲಿ ಮೂರಂತಸ್ತಿನ ಮನೆ, ಮೇಲಿನ ಅಂತಸ್ತಿನಲ್ಲಿ ಬಾಡಿಗೆಯವರು. ಕೆಳಗಿನ ವರಾಂಡದಲ್ಲಿ ಅವರ ಹೆಂಡತಿ ಮೊರದಲ್ಲಿ ಸೊಪ್ಪು ಬಿಡಿಸುತ್ತಾ ಕೂತಿದ್ದರು. ನಾನು ಹಳೆಯ ಕಂಪನಿಯ ಹೆಸರು ಹೇಳಿ, ಅವರ ಕೈಕೆಳಗೆ ಕೆಲಸ ಕಲಿತವಳು ಅಂದೆ.

“ನೀವೇನಾ ಆ ಅಮ್ಮಣ್ಣಿ?” ಅಂದರು. “ಬನ್ನಿ, ಕೂತ್ಕಳಿ. ಬಾಳಾ ಏಳೋರು ನಿಮ್ದು. ಆ ಉಡುಗಿ ಕೈ ಇಟ್ರೆ ತಪ್ಪಾಗಲ್ಲ ಅನ್ನೋರು.”

ಒಳಗಿನಿಂದ ಮಗಳು ಕಾಫಿ ತಂದುಕೊಟ್ಟು ಅಡಿಗೆಮನೆಗೆ ಹೋದಳು. ಕೊನೆಗಾಲದಲ್ಲಿ ಹೇಗಿದ್ದರು ಎಂದು ನಾನು ಕೇಳಿದೆ.

“ಮೈಯೇನೋ ಗಟ್ಟಿನೇ ಇತ್ತು. ಎದೆ ನೋವು ಅಂದ್ರು, ಅವತ್ತೇ ಓದ್ರು. ಮನಸ್ಸೇ ಸರಿ ಇರ್ಲಿಲ್ಲ ಕಣಮ್ಮ, ಇವತ್ತಿಂದಲ್ಲ.” ಸೊಪ್ಪಿನ ಕಡ್ಡಿಯೊಂದನ್ನು ಮುರಿದು ಪಕ್ಕಕ್ಕೆ ಹಾಕಿದರು. “ಫ್ಯಾಕ್ಟ್ರೀಲಿ ಏನೋ ಮರ್ತುಬಿಟ್ರಂತೆ. ಅದೇನೋ ಮಿಷಿನ್ನು ಕೆಟ್ಟೋಯ್ತಂತೆ, ಒಬ್ಬನ ಕೈ ಓಗೋದು ಉಳೀತಂತೆ. ಅವತ್ತಿಂದ ಇಡ್ಕಂತು ನೋಡಿ. ಗ್ಯಾಸ್ ಆರಿಸಿದ್ನಾ ಅಂತ ಮೂರ್ ಸಲ ನೋಡೋರು. ಬೀಗ ಆಕಿ ಗೇಟಿನ್ ತಂಕ ಓಗಿ ವಾಪಸ್ ಬರೋರು. ಎಲ್ಲಾದಕ್ಕೂ ಒಂದೊಂದ್ ಚೀಟಿ ಬರ್ದು ಜೋಬಲ್ಲಿ ಇಟ್ಕಳೋರು.”

“ಡಾಕ್ಟರ್ ಹತ್ರ ತೋರಿಸಿದ್ರಾ?”

“ತೋರಿಸ್ದೆ ಏನು. ಐವತ್ ವರ್ಷಕ್ಕೇ ಮರೆವಿನ ಕಾಯಿಲೆ ಬಂದದೆ, ಔಷಧಿ ಕೊಡಿ ಅಂತ ತಾವೇ ಓಗಿ ಕೇಳಿದ್ರು. ಏನೂ ಇಲ್ಲ ಅಂತ ಇಬ್ರು ಡಾಕ್ಟ್ರು ಏಳಿದ್ರು. ಇವರು ನಂಬಲಿಲ್ಲ. ನಂಗ್ ಚೆನ್ನಾಗಿ ನೆನಪದೆ, ಸೇವ್ ಮಾಡಿದ್ದೆ ಅನ್ನೋ ನೆನಪದೆ, ಆದ್ರೆ ಅಲ್ಲಿ ಇರ್ಲಿಲ್ಲ, ಅಂದ್ರೆ ನನ್ ನೆನಪೇ ಸುಳ್ಳು ಏಳ್ತಾ ಅದೆ ಅನ್ನೋರು. ಸ್ಕೂಟರ್ ಮಾರಿದ್ರು. ಬೇರೆ ಕಂಪ್ನಿಯೋರು ಮನೆಗ್ ಬಂದು ಕರೆದ್ರು, ಓಗ್ಲಿಲ್ಲ. ನನ್ ಕೈಲಿ ಇನ್ನೊಂದ್ ತಪ್ಪಾದ್ರೆ ಯಾರ್ದಾದ್ರೂ ಜೀವ ಓಯ್ತದೆ ಅನ್ನೋರು. ಮೊಮ್ಮಗೂನ ಎತ್ಕಂಡು ರಸ್ತೆಗ್ ಓಗ್ತಿರ್ಲಿಲ್ಲ, ಎಲ್ಲಾನ ಬಿಟ್ ಬಂದ್ರೆ ಅಂತ.”

ನಾನು ಕಾಫಿ ಲೋಟ ಕೆಳಗಿಟ್ಟೆ. ಅವರಿಗೆ ಗೊತ್ತೇ ಇರಲಿಲ್ಲ. ನನ್ನನ್ನು ಕಾಪಾಡಲು ಅವರು ಏನೂ ಮಾಡಿರಲಿಲ್ಲ, ನಾನು ಹೇಳಿದ್ದನ್ನು ನಂಬಿದ್ದರು, ಅಷ್ಟೇ. ಸಭೆಯಲ್ಲಿ ಆ ಮಾತು ಹೇಳಿ ನನ್ನ ಕಡೆ ನೋಡಿದ್ದು ಸುಮ್ಮನಿರು ಎಂದಲ್ಲ. ಹೌದಾ, ನಾನೇ ಮರೆತೆನಾ ಎಂದು ಕೇಳಿದ್ದು. ತಲೆ ತಗ್ಗಿಸಿ ನಾನು ಹೌದು ಎಂದಿದ್ದೆ. ಪುಸ್ತಕದಲ್ಲಿ ಒಂದು ಸಾಲು, ಅಥವಾ ಆಮೇಲೆ ಯಾವತ್ತಾದರೂ ಹದಿನೈದು ನಿಮಿಷದ ಆಟೋ. ಅಷ್ಟಾಗಿದ್ದರೆ ಆ ಮನುಷ್ಯ ತಮ್ಮ ಮೊಮ್ಮಗುವನ್ನು ಎತ್ತಿಕೊಂಡು ಕೆರೆ ಏರಿಯ ಮೇಲೆ ಓಡಾಡಿರುತ್ತಿದ್ದರು.

ಸುಮ್ಮನೆ ಎದ್ದು ಬರಬಹುದಾಗಿತ್ತು. ನನ್ನ ಅಭ್ಯಾಸ ಅದೇ. ಆದರೆ ಆ ಮಾತು ಕೇಳಿದ ಮೇಲೆ ಹಾಗೆ ಮಾಡಲಾಗಲಿಲ್ಲ.

“ಅಮ್ಮ, ಅವರು ಸರಿಯಾಗೇ ಮಾಡಿದ್ದರು,” ಅಂದೆ. “ಸೇವ್ ಮಾಡಿಯೇ ರಜಾ ಹೋಗಿದ್ದರು. ಅವರು ಇಲ್ಲದಾಗ ನಾನು ಅದನ್ನು ತೆಗೆದೆ. ನನ್ನ ಮಾತೇ ಗೆಲ್ಲಲಿ ಅಂತ ತೆಗೆದೆ. ಅವರು ನನ್ನನ್ನ ಕೇಳಿದ್ರು, ನಾನು ಹೇಳಲಿಲ್ಲ.”

ಅವರ ಕೈ ಮೊರದಲ್ಲೇ ನಿಂತಿತು. ಬೈಯುತ್ತಾರೆ, ಎದ್ದು ಹೋಗು ಅನ್ನುತ್ತಾರೆ ಅಂದುಕೊಂಡು ಕೂತೆ. ಬೈದಿದ್ದರೆ ಒಳ್ಳೆಯದಿತ್ತು. ಅವರು ನನ್ನನ್ನು ನೋಡಲೇ ಇಲ್ಲ. ಎದುರಿನ ಗೇಟಿನ ಕಡೆ ತಿರುಗಿದರು.

“ಅಂಗಾದ್ರೆ ಅವ್ರು ಮರ್ತಿರ್ಲಿಲ್ವಾ?” ಅಂದರು.

“ಇಲ್ಲಮ್ಮ.”

“ಏನೂ ಮರ್ತಿರ್ಲಿಲ್ಲ.”

“ಏನೂ ಮರೆತಿರಲಿಲ್ಲ.”

ಅವರು ಮೊರ ಪಕ್ಕಕ್ಕಿಟ್ಟು, ಮಂಡಿ ಹಿಡಿದು ಎದ್ದು, ಬಾಗಿಲ ಹತ್ತಿರ ಹೋಗಿ ಅಡಿಗೆಮನೆಯ ಕಡೆಗೆ ಕೂಗಿದರು.

“ಲೇ, ಬಾರೇ ಇಲ್ಲಿ. ನಿಮ್ಮಪ್ಪ ಸೇವ್ ಮಾಡಿದ್ರಂತೆ ಕಣೇ.”